ಪ್ರಸಾರ ತಂತ್ರಜ್ಞನ ದಿನವಹಿ

ಆಕಾಶವಾಣಿಯ ಶ್ರೋತೃಗಳಿಗೆ ಉದ್ಘೋಷಕರ ಹೆಸರು ಗೊತ್ತಿರುತ್ತದೆ. ಗಾಯಕರ ಹೆಸರು ಗೊತ್ತಿರುತ್ತದೆ. ನಾಟಕದ ಪಾತ್ರಧಾರಿಗಳ ಕಂಠವಂತೂ ಮನೆಯವರ ಕಂಠದಷ್ಟೇ ಪರಿಚಿತವಾಗಿರುತ್ತದೆ. ಆದರೆ ಆ ಧ್ವನಿಯನ್ನು ಸ್ಟುಡಿಯೋದಿಂದ ಊರ ಹೊರಗಿನ ಪ್ರೇಷಕ ಕೇಂದ್ರಕ್ಕೂ ಅಲ್ಲಿಂದ ನೂರಾರು ಹಳ್ಳಿಗಳಿಗೂ ಮುಟ್ಟಿಸುವ ತಂತ್ರಜ್ಞನ ಹೆಸರನ್ನು ಕೇಳಿದವರು ವಿರಳ. ಅವನ ಕೆಲಸ ಸರಿಯಾಗಿ ನಡೆದ ದಿನ ಅಂಥವನೊಬ್ಬನಿದ್ದಾನೆಂಬುದೇ ಯಾರ ಗಮನಕ್ಕೂ ಬಾರದು. ಸರ್ಕಾರಿ ನೌಕರಿಯೆಂದರೆ ಕುರ್ಚಿ, ಕಡತ, ಹತ್ತರಿಂದ ಐದು ಗಂಟೆಯ ಹಾಜರಿ ಎಂದು ಭಾವಿಸಿದವರಿಗೆ ಈ ಕಸುಬಿನ ಸ್ವರೂಪ ಸುಲಭವಾಗಿ ಅರ್ಥವಾಗದು.

ಈ ಕಸುಬಿಗೂ ಕನ್ನಡ ನಾಡಿಗೂ ಹಳೆಯ ನಂಟು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಚಿಕ್ಕ ಪ್ರೇಷಕ ಯಂತ್ರವೊಂದನ್ನಿಟ್ಟು ಪ್ರಸಾರ ಆರಂಭಿಸಿದರು. ಆ ಪುಟ್ಟ ಕೇಂದ್ರಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಸ್ವತಂತ್ರ ಭಾರತದ ಬಾನುಲಿ ಸಂಸ್ಥೆ ತನ್ನದಾಗಿಸಿಕೊಂಡಿತು. 1997ರಲ್ಲಿ ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬರುವವರೆಗೂ ಆಕಾಶವಾಣಿ, ದೂರದರ್ಶನಗಳೆರಡೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ನೇರ ಅಧೀನದಲ್ಲಿದ್ದವು. ಅಂಚೆಯವನಂತೆ, ರೈಲ್ವೆಯವನಂತೆ ಅಲ್ಲಿನ ತಂತ್ರಜ್ಞನೂ ಕೇಂದ್ರ ಸರ್ಕಾರದ ನೌಕರ.

ರಾಜ್ಯದ ಕೇಂದ್ರವೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದ ಒಬ್ಬ ತಂತ್ರಜ್ಞರಿದ್ದಾರೆ. ಬೆಳಗಿನ ಪಾಳಿಯೆಂದರೆ ಅವರಿಗೆ ನಾಲ್ಕು ಗಂಟೆಗೆ ಎಚ್ಚರ. 5.55ಕ್ಕೆ ಪ್ರಸಾರ ಆರಂಭವಾಗಬೇಕಾದರೆ ಯಂತ್ರ ಅದಕ್ಕೆ ಬಹಳ ಮುಂಚೆಯೇ ಸಿದ್ಧವಾಗಬೇಕು. ಆ ಕಾಲದ ಪ್ರೇಷಕಗಳು ದೊಡ್ಡ ವಾಲ್ವುಗಳವು. ಮೊದಲು ತಂಪಿನ ಗಾಳಿ ಬೀಸುವ ಫ್ಯಾನು, ಆಮೇಲೆ ವಾಲ್ವುಗಳ ತಂತು, ಅದು ಕಾದ ಮೇಲಷ್ಟೇ ಸಾವಿರಾರು ವೋಲ್ಟಿನ ಅಧಿಕ ವಿದ್ಯುತ್ತು. ಕ್ರಮ ತಪ್ಪಿದರೆ ಬಹು ಬೆಲೆಯ ವಾಲ್ವು ಹಾಳು. ದುರಸ್ತಿಗೆಂದು ಬಾಗಿಲು ತೆರೆದರೆ ವಿದ್ಯುತ್ತು ತಾನಾಗಿ ಕಡಿದುಹೋಗುವ ವ್ಯವಸ್ಥೆಯಿತ್ತಾದರೂ ಅದನ್ನೊಂದನ್ನೇ ನಂಬಿ ಕೈಯಿಕ್ಕುವಂತಿರಲಿಲ್ಲ. ಭೂಮಿಗೆ ಜೋಡಿಸಿದ ತಂತಿಯುಳ್ಳ ಕೋಲಿನಿಂದ ಒಂದೊಂದು ಭಾಗವನ್ನೂ ಮುಟ್ಟಿಸಿ, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸಿದ ಬಳಿಕವೇ ಕೈ ಒಳಗೆ ಹೋಗಬೇಕು. ಹೊರಗೆ ಪಿಂಗಾಣಿಯ ಪೀಠದ ಮೇಲೆ ನಿಂತ ಉಕ್ಕಿನ ಗೋಪುರ. ಮಧ್ಯಮ ತರಂಗದ ಪ್ರಸಾರದಲ್ಲಿ ಆ ಗೋಪುರವೇ ಆಂಟೆನಾ. ಅದರ ಬುಡದಿಂದ ಸುತ್ತಲೂ ಕಿರಣಗಳಂತೆ ತಾಮ್ರದ ತಂತಿಗಳನ್ನು ಹೂಳಿರುತ್ತಾರೆ. ಹೊಲದಂತೆ ಕಾಣುವ ಆ ಬಯಲು ಹಾಳುಬಿದ್ದ ಸರ್ಕಾರಿ ಜಮೀನಲ್ಲ, ಯಂತ್ರದ ಅಂಗವೆಂಬುದನ್ನು ದನ ಮೇಯಿಸಲು ಬಂದವರಿಗೆ ವಿವರಿಸುವುದೂ ಪಾಳಿಯವರ ಪಾಲಿನ ಕೆಲಸವೇ ಆಗಿತ್ತು.

ಕೆಲವು ವರ್ಷ ಅವರು ಸ್ಟುಡಿಯೋದ ಪಾಳಿಯಲ್ಲಿಯೂ ಇದ್ದರು. ಆಗ ಧ್ವನಿಮುದ್ರಣವೆಲ್ಲ ಕಾಲು ಅಂಗುಲ ಅಗಲದ ಟೇಪಿನ ಮೇಲೆ. ಸೆಕೆಂಡಿಗೆ 7.5 ಅಂಗುಲದಂತೆ ಓಡುವ ಆ ಟೇಪಿನಿಂದ ಒಂದು ಕೆಮ್ಮನ್ನು ತೆಗೆಯಬೇಕಾದರೆ ಮೂರು ನಾಲ್ಕು ಅಂಗುಲವನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ತುದಿಗಳನ್ನು ಅಂಟಿಸುತ್ತಿದ್ದರು. ಭಾಷಣಕಾರನ ‘ಇಲ್ಲ’ ಎಂಬ ಶಬ್ದವನ್ನು ತೆಗೆಯಲು ಎರಡು ಅಂಗುಲ ಸಾಕು. ಕೈಯಲ್ಲಿ ಬ್ಲೇಡು ಹಿಡಿದು ಕುಳಿತವನಿಗೆ ಎಂಥ ಅಧಿಕಾರವಿತ್ತೆಂಬುದನ್ನು ಇದರಿಂದ ಊಹಿಸಬಹುದು. ಕಾರ್ಯಕ್ರಮ ವಿಭಾಗದವರು ಗುರುತು ಹಾಕಿಕೊಟ್ಟ ಕಡೆಯಲ್ಲಲ್ಲದೆ ಬೇರೆಲ್ಲಿಯೂ ಅವರು ಬ್ಲೇಡು ಇಡಲಿಲ್ಲ.

ಆದರೆ ಇಷ್ಟರಿಂದಲೇ ಅಂಥವನ ಸತ್ಯನಿಷ್ಠೆ ಸಿದ್ಧವಾಯಿತೆನ್ನುವಂತಿಲ್ಲ. ಯಾರ ಮಾತು ಪ್ರಸಾರವಾಗಬೇಕೆಂದು ನಿರ್ಧರಿಸುವವರು ಬೇರೆಯವರು. 1975ರ ಜೂನ್ 26ರ ಬೆಳಿಗ್ಗೆ ತುರ್ತು ಪರಿಸ್ಥಿತಿಯನ್ನು ಕುರಿತು ಪ್ರಧಾನಿಯವರು ಮಾಡಿದ ಭಾಷಣವೂ, 1977ರಲ್ಲಿ ಆ ಸರ್ಕಾರ ಸೋತ ಸುದ್ದಿಯೂ ಹೋದದ್ದು ಅವೇ ಯಂತ್ರಗಳಿಂದಲೇ. ಧ್ವನಿ ಸ್ಪಷ್ಟವಾಗಿ ತಲುಪಿತೇ ಎಂಬುದಕ್ಕೆ ತಂತ್ರಜ್ಞ ಹೊಣೆ. ಅದು ನಿಜವೇ ಎಂಬುದಕ್ಕಲ್ಲ. ಜೀವಮಾನವಿಡೀ ಪರರ ಮಾತನ್ನು ಸಾಗಿಸಿದವನಿಗೆ ತನ್ನದೆನ್ನುವ ಮಾತನ್ನು ಬರೆಯಲು ಇದ್ದ ಸ್ಥಳ ಒಂದೇ, ಲಾಗ್ ಪುಸ್ತಕ. ಯಂತ್ರ ಹೊತ್ತಿಸಿದ ವೇಳೆ, ನಿಯತ ಅವಧಿಗೊಮ್ಮೆ ಮಾಪಕಗಳ ಅಂಕಿ, ಪ್ರಸಾರ ನಿಂತಿದ್ದರೆ ಎಷ್ಟು ನಿಮಿಷ, ಏಕೆ, ಕೊನೆಗೆ ಸಹಿ. ಅಂಗಡಿಯ ಕಿರ್ದಿಗೆ ಇರುವ ನಿಯಮವೇ ಇದಕ್ಕೂ ಇದೆ: ಬರೆದದ್ದನ್ನು ಅಳಿಸಬಾರದು, ಹಾಳೆ ಹರಿಯಬಾರದು, ತಪ್ಪಿದ್ದರೆ ಮೊದಲಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕಬೇಕು.

1980ರ ದಶಕದ ಒಂದು ಮಳೆಗಾಲ. ಜೊತೆಯ ನೌಕರ ಕಾಯಿಲೆಯಿಂದ ರಜೆ ಹಾಕಿದ್ದ. ಅವನ ಸ್ಥಾನಕ್ಕೆ ಬರಬೇಕಾದವರ ಹುದ್ದೆಯೇ ಖಾಲಿ. ಬೆಳಗಿನ ಪಾಳಿ ಮುಗಿಸಿದವರೇ ರಾತ್ರಿಯ ಪಾಳಿಗೂ ನಿಂತರು. ಸುಮಾರು ಹತ್ತೂಕಾಲಕ್ಕೆ ಸಂಗೀತ ಕಛೇರಿ ಪ್ರಸಾರವಾಗುತ್ತಿದ್ದಾಗ ಅವರಿಗೆ ಕುಳಿತಲ್ಲೇ ಕಣ್ಣು ಮುಚ್ಚಿತು. ಗೋಪುರಕ್ಕೆ ಮಿಂಚು ಬಡಿಯಿತು. ಯಂತ್ರ ತನ್ನ ರಕ್ಷಣೆಗಾಗಿ ಅಧಿಕ ವಿದ್ಯುತ್ತನ್ನು ಕಡಿದುಕೊಂಡು ನಿಂತಿತು. ಎಚ್ಚರವಿದ್ದವನಿಗೆ ಅರ್ಧ ನಿಮಿಷದ ಕೆಲಸ. ಗುಂಡಿಯೊತ್ತಿ ಮತ್ತೆ ಏರಿಸುವುದಷ್ಟೇ. ಸ್ಟುಡಿಯೋದಿಂದ ಬಂದ ದೂರವಾಣಿಯ ಗಂಟೆಗೆ ಅವರು ಬೆಚ್ಚಿ ಎದ್ದಾಗ ಹನ್ನೊಂದು ನಿಮಿಷ ಕಳೆದಿದ್ದವು.

“ಏನಾಯ್ತಪ್ಪಾ?” ಎಂದು ಕೇಳಿದರು ಕರ್ತವ್ಯಾಧಿಕಾರಿ.

“ಕರೆಂಟ್ ಹೋಗಿತ್ತು ಸಾರ್.”

ಮಳೆಗಾಲದ ರಾತ್ರಿಯಲ್ಲಿ ಇದಕ್ಕಿಂತ ನಂಬಲರ್ಹವಾದ ಉತ್ತರ ಬೇರೊಂದಿಲ್ಲ. ಅತ್ತ ಅವರು ಹಾಗೆಯೇ ಬರೆದುಕೊಂಡರು. ಇತ್ತ ಲಾಗ್ ಪುಸ್ತಕದಲ್ಲಿಯೂ ಅದೇ ಕಾರಣ ದಾಖಲಾಯಿತು. ಎರಡು ಪುಸ್ತಕಗಳೂ ತಾಳೆಯಾದವು.

ಆದರೆ ಖರ್ಚಿನಲ್ಲಿ ಒಂದು ಸುಳ್ಳು ಬರೆದವನು ಜಮೆಯಲ್ಲಿ ಇನ್ನೊಂದನ್ನು ಬರೆಯಲೇಬೇಕಾಗುತ್ತದೆ. ಪ್ರಸಾರ ಮುಗಿದು, ಯಂತ್ರವನ್ನು ಆರಿಸಿ, ಉಳಿದ ದಾಖಲೆಗಳನ್ನು ನೋಡುತ್ತಿದ್ದಾಗ ಅವರಿಗೆ ಇದು ಹೊಳೆಯಿತು. ವಿದ್ಯುತ್ತು ಹೋಗಿದ್ದರೆ ಡೀಸೆಲ್ ಜನರೇಟರ್ ಓಡಿರಬೇಕಿತ್ತು. ಅದರ ಗಂಟೆಮಾಪಕ ಕದಲಿರಲಿಲ್ಲ; ಡೀಸೆಲ್ ಕಡಿಮೆಯಾಗಿರಲಿಲ್ಲ. ಹನ್ನೊಂದು ನಿಮಿಷ ಕತ್ತಲಾದರೂ ಎಂಜಿನ್ ಏಕೆ ಹೊತ್ತಿಸಲಿಲ್ಲ ಎಂಬ ಪ್ರಶ್ನೆ ನಾಳೆ ಬರುವುದು ಜನರೇಟರ್ ನೋಡಿಕೊಳ್ಳುತ್ತಿದ್ದ ನೌಕರನ ಮೇಲೆ. ಅವನು ಆ ರಾತ್ರಿ ತನ್ನ ಸ್ಥಳದಲ್ಲಿ ಎಚ್ಚರವಾಗಿಯೇ ಇದ್ದ; ಸಂಬಳದಲ್ಲಿ ಕೆಳಗಿನವನು, ನಾಲ್ಕು ಮಕ್ಕಳ ತಂದೆ. ಅವನನ್ನು ಕರೆದು, “ನೀನೂ ಹತ್ತು ನಿಮಿಷ ಓಡಿಸಿದೆನೆಂದು ಬರೆದುಬಿಡು” ಎಂದಿದ್ದರೆ ಹಿರಿಯರ ಮಾತಿಗೆ ಒಪ್ಪುತ್ತಿದ್ದನೋ ಏನೋ. ಆಗ ಡೀಸೆಲ್ಲಿನ ಲೆಕ್ಕವನ್ನೂ ತಿದ್ದಬೇಕಿತ್ತು. ತಿದ್ದಿದರೆ ಆ ಒಂದೆರಡು ಲೀಟರು ಎಲ್ಲಿ ಹೋಯಿತು? ಅದು ಕಳವಿನ ಲೆಕ್ಕ.

ಬಹಳ ಹೊತ್ತು ಕುಳಿತು, ‘ವಿದ್ಯುತ್ ವ್ಯತ್ಯಯ’ ಎಂಬ ಶಬ್ದಗಳ ಮೇಲೆ ಅವರು ಒಂದು ಗೆರೆ ಎಳೆದರು. ಪಕ್ಕದಲ್ಲಿ ‘ಮಿಂಚಿನಿಂದ ಯಂತ್ರ ನಿಂತಿತು, ಪಾಳಿಯವನು ನಿದ್ರಿಸಿದ್ದರಿಂದ ತಡವಾಯಿತು’ ಎಂದು ಬರೆದು ಸಹಿ ಹಾಕಿದರು. ಇದಕ್ಕಿಂತ ಕಷ್ಟವಾದದ್ದು, ಬೆಳಗಾದ ಮೇಲೆ ಕರ್ತವ್ಯಾಧಿಕಾರಿಯ ಎದುರು ನಿಂತು, ರಾತ್ರಿ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡದ್ದು. ತಮ್ಮ ಪುಸ್ತಕದಲ್ಲಿಯೂ ಗೆರೆ ಎಳೆಯಬೇಕಾಗಿ ಬಂದ ಆ ಅಧಿಕಾರಿ ಕೆಲವು ತಿಂಗಳು ಅವರೊಡನೆ ಮಾತು ಬಿಟ್ಟಿದ್ದರಂತೆ.

ಕಚೇರಿಯಿಂದ ಜ್ಞಾಪನ ಬಂದಿತು, ವಿವರಣೆ ಕೇಳಿದರು, ಒಂದು ವರ್ಷದ ವೇತನ ಬಡ್ತಿಯನ್ನು ತಡೆಹಿಡಿದರು. ನಿಜ ನುಡಿದನೆಂದು ಯಾರೂ ಬೆನ್ನು ತಟ್ಟಲಿಲ್ಲ. ತಟ್ಟಬೇಕಾಗಿಯೂ ಇರಲಿಲ್ಲ, ನಿದ್ರಿಸಿದ್ದು ತಪ್ಪೇ ತಾನೆ. ಆದರೆ ಒಬ್ಬನನ್ನೇ ಬೆಳಗಿನಿಂದ ನಡುರಾತ್ರಿಯವರೆಗೆ ನಿಲ್ಲಿಸಿದ ವ್ಯವಸ್ಥೆಗೆ ಯಾವ ಜ್ಞಾಪನವೂ ಹೋಗಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಗೆರೆಯ ಪಕ್ಕದ ಆ ಸಾಲನ್ನು ಓದಿದ ಮೇಲೆ ಎಂಜಿನಿಯರರು ಪಾಳಿಯ ಪಟ್ಟಿಯನ್ನು ಬದಲಿಸಿದರು. ಎರಡು ಪಾಳಿಗಳನ್ನು ಒಬ್ಬನೇ ಮಾಡುವುದು ಅಲ್ಲಿಗೆ ನಿಂತಿತು. ‘ವಿದ್ಯುತ್ ವ್ಯತ್ಯಯ’ವೇ ಉಳಿದಿದ್ದರೆ ಆ ಪಟ್ಟಿಯೂ ಹಾಗೆಯೇ ಉಳಿಯುತ್ತಿತ್ತು.

ಇಂದು ಟೇಪಿನ ಸ್ಥಾನದಲ್ಲಿ ಕಂಪ್ಯೂಟರುಗಳಿವೆ; ಪ್ರಸಾರ ನಿಂತ ಕ್ಷಣವನ್ನು ಯಂತ್ರವೇ ಗುರುತಿಸಿಡಬಲ್ಲದು. ಕಾರಣವನ್ನು ಮಾತ್ರ ಈಗಲೂ ಮನುಷ್ಯನೇ ಹೇಳಬೇಕು.

ಆ ಘಟನೆಯಾದ ಎರಡು ವಾರಗಳಿಗೆ ಕೇಂದ್ರಕ್ಕೆ ಹಳ್ಳಿಯ ಶ್ರೋತೃವೊಬ್ಬರ ಕಾಗದ ಬಂದಿತು. ಕಛೇರಿಯ ನಡುವೆ ರೇಡಿಯೋ ಸದ್ದಡಗಿದ್ದರಿಂದ ಅದು ಕೆಟ್ಟಿತೆಂದು ಭಾವಿಸಿ, ಮರುದಿನ ಬಸ್ಸಿನಲ್ಲಿ ತಾಲ್ಲೂಕಿಗೆ ಒಯ್ದರಂತೆ. ಅಂಗಡಿಯವನು ಒಳಗೆ ಬೆಸುಗೆ ಬಿಟ್ಟಿತ್ತೆಂದು ಹೇಳಿ ಐದು ರೂಪಾಯಿ ತೆಗೆದುಕೊಂಡನಂತೆ. ಈಗ ಚೆನ್ನಾಗಿ ಕೇಳಿಸುತ್ತಿದೆ, ಆ ಕಛೇರಿಯನ್ನು ಮತ್ತೊಮ್ಮೆ ಹಾಕಬೇಕು ಎಂಬ ಕೋರಿಕೆ. ಕಾರ್ಯಕ್ರಮ ವಿಭಾಗದವರು ಓದಿ ನಕ್ಕು, ತಂತ್ರಜ್ಞರಿಗೂ ತೋರಿಸಿದರು. ಅವರು ವಿಳಾಸ ಗುರುತು ಹಾಕಿಕೊಂಡು, ಆ ದಿನವೇ ಅಂಚೆ ಕಚೇರಿಗೆ ಹೋಗಿ ಐದು ರೂಪಾಯಿಯ ಮನಿಯಾರ್ಡರ್ ಮಾಡಿದರು. ಕೆಳಗಿನ ಚಿಕ್ಕ ಜಾಗದಲ್ಲಿ, ಆ ರಾತ್ರಿ ನಿಮ್ಮ ರೇಡಿಯೋ ಕೆಟ್ಟಿರಲಿಲ್ಲ ಎಂದಷ್ಟೇ ಬರೆದಿದ್ದರು.