ಗಿಟಾರಿನ ಸವಕಳಿ

ಪ್ರಥಮ ಪಿಯುಸಿಯಲ್ಲಿ ಲೆಕ್ಕಶಾಸ್ತ್ರದ ಸರ್ ಬೋರ್ಡಿನ ಮೇಲೆ ‘ಸವಕಳಿ’ ಎಂದು ಬರೆದಾಗ, ಅದು ಪರೀಕ್ಷೆಗೆ ಬರುವ ಒಂದು ಅಧ್ಯಾಯ ಎಂದಷ್ಟೇ ತಿಳಿದಿದ್ದೆ. ಈ ಸಲದ ಬೇಸಿಗೆ ರಜೆಯಲ್ಲಿ ಅದು ನನ್ನ ಬೆರಳಿಗೇ ತಾಗಿತು.

ನಮ್ಮ ಮನೆ ಇರುವುದು ಹಿರಿಯೂರಿನಲ್ಲಿ. ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು ಹೋಗುತ್ತೇನೆ. ರಜೆಯಲ್ಲಿ ಹೊಸದುರ್ಗದ ಮಾಮು ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅವರದು ಸ್ಟೀಲ್ ಪಾತ್ರೆ ಅಂಗಡಿ. ರಜೆ ಮುಗಿದಾಗ ಐದು ಸಾವಿರ ರೂಪಾಯಿ ಸಂಬಳ ಕೊಟ್ಟರು. ಜೊತೆಗೆ ಅಟ್ಟದ ಮೇಲಿದ್ದ ತಮ್ಮ ಗಿಟಾರನ್ನೂ ಕೆಳಗಿಳಿಸಿ ಕೊಟ್ಟರು. ಮದುವೆಗೆ ಮುಂಚೆ ಮಾಮು ಒಂದು ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದರಂತೆ. ಹೊಳಲ್ಕೆರೆ, ಹೊಸದುರ್ಗದ ಮದುವೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ, ರಾತ್ರಿ ಹನ್ನೆರಡಾದರೂ ನಿಲ್ಲಿಸುತ್ತಿರಲಿಲ್ಲವಂತೆ. ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ನಿಂತಿತು, ಗಿಟಾರು ಅಟ್ಟ ಸೇರಿತು.

ಹೊಸ ತಂತಿ ಹಾಕಿಸಿ ಬಾರಿಸಿದರೆ ಮೊದಲ ಮೂರು ಮನೆಗಳಲ್ಲಿ ‘ಜರ್ರ್’ ಎಂಬ ಸದ್ದು. ಬೆಳಕಿಗೆ ಹಿಡಿದು ನೋಡಿದೆ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಸಣ್ಣ ಲೋಹದ ಪಟ್ಟಿಗಳಿರುತ್ತವಲ್ಲ, ಅವಕ್ಕೆ ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಾದರೆ ಮೆಟ್ಟಿಲು. ಸಿತಾರಿನಲ್ಲಿ ಪರ್ದಾ. ಬೆರಳಿನಿಂದ ತಂತಿಯನ್ನು ಒತ್ತಿದಾಗ ಅದು ಈ ಪಟ್ಟಿಗೆ ತಾಗಿ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಸಾವಿರಾರು ಸಲ ಒತ್ತಿದರೆ ಉಕ್ಕಿನ ತಂತಿ ಪಟ್ಟಿಯನ್ನು ಕೊರೆಯುತ್ತದೆ. ಮಾಮು ಗಿಟಾರಿನ ಪಟ್ಟಿಗಳಲ್ಲಿ ತಂತಿಯ ಕೆಳಗೆ ಸರಿಯಾಗಿ ಒಂದೊಂದು ಗುಳಿ ಬಿದ್ದಿತ್ತು. ಗುಳಿಯೊಳಗೆ ಇಳಿದ ತಂತಿ ಮುಂದಿನ ಪಟ್ಟಿಗೆ ತಾಗಿ ಜರ್ರ್ ಎನ್ನುತ್ತಿತ್ತು.

ಬೆಂಗಳೂರಿನ ಒಬ್ಬ ರಿಪೇರಿಯವರಿಗೆ ಫೋಟೊ ಕಳಿಸಿದೆ. ಅವರು ಎರಡು ದರ ಹೇಳಿದರು. ಇಪ್ಪತ್ತೂ ಪಟ್ಟಿಗಳನ್ನು ಕಿತ್ತು ಮೊದಲಿನಂಥದ್ದನ್ನೇ ಹಾಕಿದರೆ ನಾಲ್ಕು ಸಾವಿರ. ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಏಳು ಸಾವಿರ. “ಸ್ಟೀಲ್ ಯಾಕಣ್ಣ ಅಷ್ಟು ಜಾಸ್ತಿ?” ಎಂದೆ. “ಅದು ಗಟ್ಟಿ ಕಣಪ್ಪ. ಕತ್ತರಿಸೋಕೆ, ಅರದಿಂದ ಉಜ್ಜೋಕೆ, ತುದಿ ನುಣುಪು ಮಾಡೋಕೆ ಎಲ್ಲಕ್ಕೂ ಹೆಚ್ಚು ಟೈಮ್. ನನ್ನ ಅರಾನೂ ಬೇಗ ಸವೆಯುತ್ತೆ” ಎಂದರು.

ಮೊದಲಿನಂಥದ್ದು ಅಂದರೆ ಯಾವುದು ಎಂದು ಹುಡುಕಿದಾಗ ನಗು ಬಂತು. ಇಂಗ್ಲಿಷಿನಲ್ಲಿ ಅದರ ಹೆಸರು ನಿಕ್ಕಲ್ ಸಿಲ್ವರ್. ನಮ್ಮ ಪೇಟೆಯಲ್ಲಿ ಅದನ್ನೇ ಜರ್ಮನ್ ಸಿಲ್ವರ್ ಎನ್ನುತ್ತಾರೆ. ದಾದಿಯ ಪಾನ್‌ದಾನ್ ಆ ಲೋಹದ್ದೇ. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಚೂರೂ ಇಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಫ್ರೆಟ್‌ಗೆ ಬಳಸುವುದರಲ್ಲಿ ಸಾಮಾನ್ಯವಾಗಿ ನೂರಕ್ಕೆ 18 ಭಾಗ ನಿಕ್ಕಲ್, ಉಳಿದದ್ದರಲ್ಲಿ ಬಹುಪಾಲು ತಾಮ್ರ. ನಮ್ಮ ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ಹಿಂದೆ ಗಣಿಯಿಂದ ತೆಗೆಯುತ್ತಿದ್ದುದೂ ತಾಮ್ರವೇ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಕಬ್ಬಿಣಕ್ಕೆ ಕನಿಷ್ಠ 10.5 ಭಾಗ ಕ್ರೋಮಿಯಂ ಸೇರಿಸಿದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವರು 1913ರಲ್ಲಿ ಅದನ್ನು ತಯಾರಿಸಿದರು. ತುಕ್ಕು ಹಿಡಿಯುವುದಿಲ್ಲ, ಬೇಗ ಸವೆಯುವುದಿಲ್ಲ.

ಕಾಮರ್ಸ್ ಓದುವವರು ಇಂಥಲ್ಲಿ ಏನು ಮಾಡುತ್ತಾರೆ? ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಸ್ಥಿರ ಕಂತು ಪದ್ಧತಿ. ಜರ್ಮನ್ ಸಿಲ್ವರ್: ವೆಚ್ಚ 4,000, ಅಂದಾಜು ಬಾಳಿಕೆ 8 ವರ್ಷ, ವರ್ಷಕ್ಕೆ 500 ರೂಪಾಯಿ. ಸ್ಟೀಲ್: ವೆಚ್ಚ 7,000, ಅಂದಾಜು ಬಾಳಿಕೆ 20 ವರ್ಷ, ವರ್ಷಕ್ಕೆ 350 ರೂಪಾಯಿ. ಕಾಗದದ ಮೇಲೆ ಸ್ಟೀಲ್ ಗೆದ್ದಿತು. ಆದರೆ ನನ್ನ ಹತ್ತಿರ ಇದ್ದದ್ದೇ ಐದು ಸಾವಿರ. ಅದೂ ಸಿಎ ಫೌಂಡೇಶನ್ ಅರ್ಜಿಗೆಂದು ಇಟ್ಟುಕೊಂಡದ್ದು.

ಮನೆಯಲ್ಲಿ ವಿಷಯ ತೆಗೆದೆ. ದಾದಿ ಜರ್ಮನ್ ಸಿಲ್ವರ್ ಕಡೆಗೇ ಇರುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ಕಾರಣ ಇದೆ. ನಮ್ಮ ದಾದಾ ಕಲಾಯಿ ಕೆಲಸ ಮಾಡುತ್ತಿದ್ದವರು. ತಿದಿ ಹೊತ್ತುಕೊಂಡು ಹಿರಿಯೂರಿನ ಸುತ್ತಲ ಹಳ್ಳಿಗಳಿಗೆ ಹೋಗುತ್ತಿದ್ದರು. ತಾಮ್ರ, ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಕರಗಿಸಿ, ಬಟ್ಟೆಯಿಂದ ಒಳಗೆಲ್ಲ ಸವರಿದರೆ ಪಾತ್ರೆ ಬೆಳ್ಳಗಾಗುತ್ತಿತ್ತಂತೆ. ಆಮೇಲೆ ಹುಳಿ ಸಾರು ಮಾಡಿದರೂ ಕಿಲುಬು ಬಿಡುತ್ತಿರಲಿಲ್ಲ. ಮನೆಮನೆಗೂ ಸ್ಟೀಲ್ ಬಂತು, ಕಲಾಯಿ ಕೇಳುವವರು ಇಲ್ಲವಾದರು. ದಾದಾ ಕೊನೆಗೆ ಒಂದು ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸಕ್ಕೆ ಸೇರಿದರು.

ಆದರೆ ದಾದಿ, “ಸ್ಟೀಲೇ ಹಾಕಿಸು” ಎಂದರು. ನಾನು ಬೆರಗಾದೆ. “ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜಿ ಉಜ್ಜಿ ನನ್ನ ಬೆರಳು ಸವೆದವು ಬೇಟಾ. ಮೊದಲ ಸ್ಟೀಲ್ ತಟ್ಟೆ ಮನೆಗೆ ಬಂದ ದಿನ ನನಗೆ ಈದ್ ಬಂದಹಾಗಾಗಿತ್ತು. ನಿಮ್ಮ ದಾದಾ ಎದುರು ಹೇಳಲಿಲ್ಲ, ಅಷ್ಟೇ” ಎಂದರು. ಅಮ್ಮಿ ಮಾತ್ರ, “ಮೊದಲು ಅರ್ಜಿ ತುಂಬು, ಆಮೇಲೆ ಗಿಟಾರು” ಎಂದು ರೊಟ್ಟಿ ಲಟ್ಟಿಸುತ್ತಲೇ ಹೇಳಿದರು.

ಅಂದು ರಾತ್ರಿ ಮತ್ತೆ ನೋಟ್‌ಬುಕ್ ತೆಗೆದೆ. ಸರ್ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ್ದು ನೆನಪಾಯಿತು: ದಿನಾ ಹುಬ್ಬಳ್ಳಿಗೆ ಓಡುವ ಲಾರಿಗೂ ಶೆಡ್ಡಿನಲ್ಲಿ ನಿಂತ ಲಾರಿಗೂ ಒಂದೇ ಸವಕಳಿ ಹಾಕಿದರೆ ಸರಿಯೇ? ನನ್ನ ಲೆಕ್ಕದ ತಪ್ಪು ಆಗ ಗೊತ್ತಾಯಿತು. ಫ್ರೆಟ್ ಸವೆಯುವುದು ವರ್ಷಗಳಿಂದಲ್ಲ, ಬಾರಿಸುವ ಗಂಟೆಗಳಿಂದ. ಅಟ್ಟದ ಮೇಲಿದ್ದಷ್ಟು ಕಾಲ ಮಾಮು ಗಿಟಾರಿನ ಫ್ರೆಟ್ ಒಂದು ಕೂದಲಿನಷ್ಟೂ ಸವೆಯಲಿಲ್ಲ. ಆ ಗುಳಿಗಳೆಲ್ಲ ಮದುವೆ ಮನೆಯ ರಾತ್ರಿಗಳವು. ನಾನು ಬಾರಿಸುವುದು ದಿನಕ್ಕೆ ಅರ್ಧ ಗಂಟೆ. ಪರೀಕ್ಷೆ ಹತ್ತಿರ ಬಂದರೆ ಅದೂ ಇಲ್ಲ. ಇಪ್ಪತ್ತು ವರ್ಷದ ಬಾಳಿಕೆಯನ್ನು ಈಗಲೇ ಕೊಂಡುಕೊಳ್ಳಲು ನಾನು ಯಾರು? ಮಾಮು ಥರ ಬಾರಿಸುವವರಿಗೆ ಸ್ಟೀಲ್ ಅಗ್ಗ. ನನ್ನಂಥವರಿಗೆ ದುಬಾರಿ.

ಬೆಳಿಗ್ಗೆ ರಿಪೇರಿಯವರಿಗೆ ಇನ್ನೊಂದು ಪ್ರಶ್ನೆ ಕೇಳಿದೆ: “ಅಣ್ಣ, ಸವೆದಿರೋದಷ್ಟೇ ಬದಲಾಯಿಸೋಕೆ ಆಗುತ್ತಾ?” ಆಗುತ್ತದಂತೆ. ಮೊದಲ ಐದನ್ನು ಕಿತ್ತು ಹೊಸ ಜರ್ಮನ್ ಸಿಲ್ವರ್ ಕೂರಿಸಿ, ಎಲ್ಲ ಇಪ್ಪತ್ತನ್ನೂ ಒಂದೇ ಮಟ್ಟಕ್ಕೆ ಉಜ್ಜಿ, ತಲೆಯನ್ನು ಮತ್ತೆ ದುಂಡಗೆ ಮಾಡುವುದು. ಐದು ಸ್ಟೀಲ್, ಹದಿನೈದು ಜರ್ಮನ್ ಸಿಲ್ವರ್ ಬೆರೆಸಿದರೆ ಒಂದು ಬೇಗ, ಒಂದು ನಿಧಾನ ಸವೆದು ಮಟ್ಟ ಮತ್ತೆ ತಪ್ಪುತ್ತದೆ, ಅದಕ್ಕೇ ಹಳೆಯ ಲೋಹವೇ ಒಳ್ಳೆಯದು ಎಂದರು. ಸಾವಿರದ ಐನೂರು ರೂಪಾಯಿ. ಉಳಿದ ಮೂರೂವರೆ ಸಾವಿರ ಅಮ್ಮಿಯ ಕೈಗೆ ಕೊಟ್ಟೆ.

ಗಿಟಾರು ವಾಪಸ್ ಬಂದಾಗ ಕಿತ್ತ ಐದು ಪಟ್ಟಿಗಳನ್ನೂ ಒಂದು ಪೊಟ್ಟಣದಲ್ಲಿ ಹಾಕಿ ಕೊಟ್ಟಿದ್ದರು. ಭಾನುವಾರ ಹೊಸದುರ್ಗಕ್ಕೆ ಹೋದಾಗ ಅವನ್ನು ಮಾಮುಗೆ ತೋರಿಸಿದೆ. ಅಂಗಡಿಯಲ್ಲಿ ಗಿರಾಕಿ ಇದ್ದರು. ಮಾಮು ಕುಕ್ಕರ್ ಕೆಳಗಿಟ್ಟು ಒಂದು ಪಟ್ಟಿಯನ್ನು ಬೆರಳಲ್ಲಿ ಹಿಡಿದು, ಗುಳಿಯ ಮೇಲೆ ಉಗುರು ಆಡಿಸಿದರು. “ಇದು ಸಿ ಕಾರ್ಡ್. ಇಲ್ಲೇ ಒತ್ತುತ್ತಿದ್ದೆ” ಎಂದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಸ್ಟೀಲ್ ಹಾಕಿಸಬೇಕಿತ್ತು. ನೀನು ಜೋರಾಗಿ ಬಾರಿಸಿದರೆ ಇದು ಮತ್ತೆ ಸವೆಯುತ್ತೆ” ಎಂದರು.

“ಸವೆಯಲಿ ಮಾಮು. ಸವೆದಾಗ ಸ್ಟೀಲ್ ಹಾಕಿಸುತ್ತೇನೆ” ಎಂದೆ.

ಪೊಟ್ಟಣವನ್ನು ಮಾಮು ವಾಪಸ್ ಕೊಡಲಿಲ್ಲ. ಗಲ್ಲಾಪೆಟ್ಟಿಗೆಯ ಚಿಲ್ಲರೆ ಖಾನೆಯಲ್ಲಿಟ್ಟು, ಗಿರಾಕಿಗೆ ಕುಕ್ಕರ್ ರೇಟು ಹೇಳತೊಡಗಿದರು.