ಕೆಂಪು ತಲೆ, ಹಸಿರು ಕಾಲು

ಜನವರಿ 26
ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಹೊರಬಂದಾಗ ಫುಟ್‌ಪಾತಿನಲ್ಲಿ ಕೊಂಡದ್ದು: ಟೀ ಲೋಟದಷ್ಟು ಕುಂಡ, ಅದರಲ್ಲಿ ಹೆಬ್ಬೆರಳುದ್ದದ ಹಸಿರು ದಿಂಡು, ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಕಡುಗೆಂಪು ಮುಳ್ಳುಂಡೆ. ‘ಹೂವಾ ಇದು?’ ಅಂದೆ. ‘ಹೂವಲ್ಲ ಸಾರ್, ಗಿಡಾನೇ ಹಂಗೆ. ವಾರಕ್ಕೊಂದ್ಸಲ ಒಂದು ಮುಚ್ಚಳ ನೀರು.’ ಯಾವುದರ ಮುಚ್ಚಳ ಎಂದು ಕೇಳಬೇಕಿತ್ತು.

ಮಾರ್ಚ್ 9
ಗಿಡ ಎಡಕ್ಕೆ ವಾಲಿದೆ. ಕುಂಡದ ಮೇಲ್ಭಾಗ ಮುಟ್ಟಿದರೆ ಒಣ ಒಣ. ಇನ್ನೊಂದು ಮುಚ್ಚಳ ಹಾಕಿದೆ.

ಮಾರ್ಚ್ 12
ಮತ್ತಷ್ಟು ವಾಲಿದೆ. ಕೆಂಪುಂಡೆ ಗೋಲಿಯಂತೆ ಗಟ್ಟಿ. ಬುಡ ಹಿಸುಕಿದರೆ ಕಳಿತ ಬಾಳೆಹಣ್ಣು. ತಲೆಗೆ ಏನೂ ಆಗದೆ ಕಾಲು ಮಾತ್ರ ಕೊಳೆಯುವುದು ಯಾವ ರೋಗ?

ಅದೇ ರಾತ್ರಿ
ಓದಿದೆ. ನಾನು ಸಾಕುತ್ತಿದ್ದುದು ಒಂದು ಗಿಡವನ್ನಲ್ಲ, ಎರಡನ್ನು. ಮೇಲಿನದು ಜಿಮ್ನೋಕ್ಯಾಲಿಸಿಯಮ್, ಮೂಲ ಪೆರಗ್ವೆ ಸೀಮೆ. ಅದರಲ್ಲಿ ಪತ್ರಹರಿತ್ತೇ ಇಲ್ಲ, ಅಂದಮೇಲೆ ಊಟ ತಯಾರಿಸಿಕೊಳ್ಳಲು ಬರುವುದಿಲ್ಲ. ಜಪಾನಿನ ಎಯಿಜಿ ವತನಾಬೆ 1941ರಲ್ಲಿ ತಮ್ಮ ಸಸಿಗಳ ನಡುವೆ ಇಂಥ ಕೆಂಪು ಸಸಿಗಳನ್ನು ಕಂಡು, ಸಾಯುವ ಮೊದಲೇ ಬೇರೆ ಗಿಡಕ್ಕೆ ಕಸಿ ಕಟ್ಟಿ ಉಳಿಸಿದರಂತೆ. ಈಗ ದಕ್ಷಿಣ ಕೊರಿಯಾದಿಂದ ಲೋಕಕ್ಕೆಲ್ಲ ಹೋಗುತ್ತವೆ. ಕೆಳಗಿನ ಮೂರು ಏಣಿನ ದಿಂಡು ಬೇರೇನಲ್ಲ, ಡ್ರ್ಯಾಗನ್ ಫ್ರೂಟ್ ಬಳ್ಳಿ! ಮನೆಗೆ ತಂದದ್ದು ಉಂಡೆಯ ಚೆಂದಕ್ಕೆ. ಇಷ್ಟು ದಿನ ದುಡಿದದ್ದು ದಿಂಡು, ನಾನು ಕೊಂದದ್ದೂ ದಿಂಡನ್ನೇ.

ಮಾರ್ಚ್ 13
ಕುಂಡ ಬಗ್ಗಿಸಿದೆ. ಮೇಲೆ ಅಂಟು ಹಾಕಿ ಕೂರಿಸಿದ್ದ ಬಣ್ಣದ ಕಲ್ಲು, ಕೆಳಗೆ ಹಿಂಡಿದರೆ ನೀರು ಇಳಿಯುವ ತೆಂಗಿನ ನಾರಿನ ಪುಡಿ. ನಾನು ಒಣಗಿದೆಯೆಂದು ಮುಟ್ಟಿ ನೋಡುತ್ತಿದ್ದುದು ಕಲ್ಲನ್ನು.

ದಿಂಡನ್ನು ಅಡ್ಡಲಾಗಿ ಕೊಯ್ದೆ; ನಡುವೆ ಕಂದು ಉಂಗುರ. ಇನ್ನೂ ಮೇಲೆ ಕೊಯ್ದೆ, ಕಂದೇ. ಬೆಸುಗೆಯವರೆಗೂ ಕೊಳೆ ಏರಿದೆ. (ಒಂದು ತೊಟ್ಟೂ ಹಾಲು ಬರಲಿಲ್ಲ. ಅಮ್ಮ ಇದನ್ನೂ ಕಳ್ಳಿ ಅನ್ನುತ್ತಾಳೆ, ಆದರೆ ಊರ ಬೇಲಿಯ ಹಾಲುಗಳ್ಳಿಯ ಕುಲವೇ ಬೇರೆ. ಇದರ ನಂಟು ಪಾಪಾಸುಕಳ್ಳಿಯ ಜೊತೆ; ಅದೂ ಅಮೆರಿಕ ಖಂಡದಿಂದ ಬಂದದ್ದೇ.)

ಎದುರುಮನೆ ಅಜ್ಜಿ ಇಣುಕಿ, ‘ಇದರ ಕಾಲು ನಮ್ಮ ತಾರಸಿ ಮೇಲೆ ಬೇಕಾದಷ್ಟಿದೆ, ತಗೊಂಡು ಹೋಗಪ್ಪ’ ಎಂದು ಬೇರೂರಿದ ತುಂಡೊಂದನ್ನು ಕುಂಡದ ಸಮೇತ ಕೊಟ್ಟರು. ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ದಿಂಡಿನ ತಲೆ ಸವರಿದೆ, ಏಣುಗಳನ್ನು ಓರೆಯಾಗಿ ಕೆತ್ತಿದೆ. ಹಾಗೆ ಕೆತ್ತದಿದ್ದರೆ ಒಣಗುವಾಗ ನಡುಭಾಗ ಕುಸಿದು, ಏಣೆದ್ದು ಉಂಡೆಯನ್ನು ಮೇಲಕ್ಕೆ ತಳ್ಳುತ್ತದೆ. ಉಂಡೆಯ ತಳದಲ್ಲಿ ಕೊಳೆ ಮುಟ್ಟಿದ್ದ ತೆಳು ಬಿಲ್ಲೆಯೊಂದನ್ನು ತೆಗೆದು ನಟ್ಟನಡುವೆ ಕೂರಿಸಿ, ಅಡ್ಡ ಉದ್ದ ರಬ್ಬರ್ ಬ್ಯಾಂಡ್ ಬಿಗಿದೆ.

ಮಾರ್ಚ್ 20
ಬ್ಯಾಂಡ್ ಬಿಚ್ಚಿದೆ. ಉಂಡೆ ಉರುಳಿ ಮೇಜಿನ ಕೆಳಗೆ ಹೋಯಿತು.

ಅಜ್ಜಿಯ ಮಾತು ಕೇಳಿ ಮಾವಿನ ಕಸಿಯ ಲೆಕ್ಕ ಹಿಡಿದಿದ್ದೆ. ಮಾವಿನಲ್ಲಿ ಕೂಡಬೇಕಾದ ಪದರ ತೊಗಟೆಯ ಕೆಳಗಿರುತ್ತದೆ; ಇದರಲ್ಲಿ ತಿರುಳಿನ ನಡುವೆ ಉಂಗುರವಾಗಿದೆ. ಉಂಡೆಯದು ಸಣ್ಣ ಉಂಗುರ, ದಿಂಡಿನದು ದೊಡ್ಡದು. ಚೆಂದಕ್ಕೆಂದು ನಡುವೆ ಕೂರಿಸಿದರೆ ಸಣ್ಣದು ದೊಡ್ಡದರೊಳಗೇ ಉಳಿದು ಎಲ್ಲೂ ತಾಗುವುದಿಲ್ಲ. ಎರಡನ್ನೂ ಮತ್ತೆ ಸವರಿ, ಈ ಸಲ ಉಂಗುರಗಳು ಒಂದನ್ನೊಂದು ದಾಟುವಂತೆ ಪಕ್ಕಕ್ಕೆ ಸರಿಸಿ ಕಟ್ಟಿದೆ. ನೋಡಲು ಓರೆ ಟೋಪಿ.

ಮಾರ್ಚ್ 24
ನೆರಳಲ್ಲಿದೆ. ಕೊಯ್ದ ಜಾಗಕ್ಕೆ ನೀರು ತಾಗಬಾರದು, ಹಾಗಾಗಿ ನನಗೇನೂ ಕೆಲಸವಿಲ್ಲ. ಕ್ಯಾಕ್ಟಸ್‌ಗಳು ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ರಾತ್ರಿಯಂತೆ. ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು ನೋಡಿದೆ. ಏನು ಕಾಣುತ್ತದೆಂದು ಹೋದೆನೋ!

ಏಪ್ರಿಲ್ 5
ಬ್ಯಾಂಡ್ ಬಿಚ್ಚಿದೆ. ಉಂಡೆ ಕೂತಲ್ಲೇ ಕೂತಿದೆ. ಮೆಲ್ಲಗೆ ತಳ್ಳಿದರೆ ಕುಂಡವೇ ಅಲುಗಿತು.

ಮೇ 10
ಉಂಡೆಯ ನೆತ್ತಿಯಲ್ಲಿ ಹೊಸ ಮುಳ್ಳು. ಜೊತೆಗೆ ದಿಂಡಿನ ಏಣಿನಲ್ಲಿ ಎಳೆ ಹಸಿರು ಮೊಗ್ಗೆಯೊಂದು. ‘ಚಿವುಟಿ ಹಾಕು, ಇಲ್ಲದಿದ್ದರೆ ಮೇಲಿನದಕ್ಕೆ ಏನೂ ಮುಟ್ಟಲ್ಲ’ ಎಂದರು ಅಜ್ಜಿ. ಬಿಟ್ಟರೆ ಅದು ಬಳ್ಳಿಯಾಗಿ ಹಬ್ಬಿ ಹಣ್ಣನ್ನಾದರೂ ಕೊಟ್ಟೀತು. ಉಂಡೆ ಏನು ಕೊಡುತ್ತದೆ? ಸ್ವಲ್ಪ ಹೊತ್ತು ನಿಂತು, ಚಿವುಟಿದೆ.

ಮೇ 14
ಎದುರಿನ ಏಣಿನಲ್ಲಿ ಇನ್ನೊಂದು.