ಭೋಗ್ಯಕ್ಕೆ ಕೊಟ್ಟ ಹಿತ್ತಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಎಚ್ಚರಿಸಿದ್ದಾರಷ್ಟೆ. ಮದುವೆಯನ್ನು ನನ್ನ ತಂದೆ ಮಾಡಿಸಿದರು. ಮನೆಯನ್ನೂ ಅವರೇ ಕಟ್ಟಿಸಿದ್ದರು. ಹೀಗಾಗಿ ಅರವತ್ತು ವರ್ಷದವರೆಗೆ ಈ ಗಾದೆಗೂ ನನಗೂ ಸಂಬಂಧವಿರಲಿಲ್ಲ. 2011ರಲ್ಲಿ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ ನನ್ನ ಕಣ್ಣು ಹಿತ್ತಿಲಿನ ಮೇಲೆ ಬಿತ್ತು.

ಮೈಸೂರಿನ ಹಳೆಯ ಬಡಾವಣೆಗಳನ್ನು ಕಂಡವರಿಗೆ ಇಂಥ ಹಿತ್ತಿಲುಗಳ ಪರಿಚಯವಿರುತ್ತದೆ. ನಮ್ಮದು ಅರವತ್ತು ತೊಂಬತ್ತರ ನಿವೇಶನ. ಮುಂದೆ ಮನೆ, ಹಿಂದೆ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗು, ಒಂದು ಕರಿಬೇವು, ಒಂದು ಮಲ್ಲಿಗೆ ಬಳ್ಳಿ. ಒಂದು ಮೂಲೆಯಲ್ಲಿ, ನನ್ನ ತಾಯಿಯ ಕಾಲದಲ್ಲಿ ಹಸು ಕಟ್ಟುತ್ತಿದ್ದ ಕೊಟ್ಟಿಗೆ. ಹಸು ಹೋಗಿ ಎಷ್ಟೋ ವರ್ಷವಾಗಿತ್ತು. ಕೊಟ್ಟಿಗೆಯಲ್ಲಿ ಮುರಿದ ಕುರ್ಚಿಗಳೂ ಹಳೆಯ ಉತ್ತರಪತ್ರಿಕೆಗಳೂ ವಾಸವಾಗಿದ್ದವು. ಇವು ಬಾಡಿಗೆ ಕೊಡುತ್ತಿರಲಿಲ್ಲ. ಕೊಟ್ಟಿಗೆಯನ್ನು ಕೆಡವಿ ಅಲ್ಲೊಂದು ಸಣ್ಣ ಮನೆ ಕಟ್ಟಿದರೆ ತಿಂಗಳಿಗೆ ನಾಲ್ಕೂವರೆ ಸಾವಿರ ಬರುತ್ತದೆಂದು ನೆರೆಯವರು ಲೆಕ್ಕ ಹೇಳಿದರು. ಒಬ್ಬ ಗಣಿತದ ಮೇಷ್ಟರಿಗೆ ಬೇರೆಯವರು ಲೆಕ್ಕ ಹೇಳಬಾರದು. ನಾನೇ ಕಾಗದ ಪೆನ್ಸಿಲು ಹಿಡಿದು ಕುಳಿತೆ.

ನಾನೂರು ಚದರಡಿ, ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಚದರಡಿಗೆ 1,200 ರೂಪಾಯಿಯಂತೆ 4,80,000. ಕೈಯಲ್ಲಿ ಗ್ರಾಚ್ಯುಯಿಟಿಯ ಹಣ 3,20,000. ಉಳಿದದ್ದಕ್ಕೆ ಬ್ಯಾಂಕಿಗೆ ಹೋದೆ. ಅಲ್ಲಿಯವರು ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ, ಮಂಜೂರಾದ ನಕ್ಷೆ ಎಲ್ಲವನ್ನೂ ಸಮಾಧಾನದಿಂದ ನೋಡಿದರು. ಕಡೆಯಲ್ಲಿ ನನ್ನ ಹುಟ್ಟಿದ ತಾರೀಖು ನೋಡಿದರು. ಆಮೇಲೆ ಬಹಳ ವಿನಯದಿಂದ ಕಾಫಿ ತರಿಸಿಕೊಟ್ಟು ಕಳುಹಿಸಿದರು.

ಪಾಯ ತೋಡಿದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ಹಿತ್ತಿಲಿನ ಕೊಳಚೆ ನೀರು ಬೀದಿಯ ಒಳಚರಂಡಿಗೆ ಸೇರಬೇಕು. ಬೀದಿ ಇರುವುದು ಮನೆಯ ಮುಂದೆ. ಎಂಬತ್ತು ಅಡಿ ಉದ್ದಕ್ಕೂ ಕೊಳವೆ ಇಳಿಜಾರಾಗಿ ಬರಬೇಕಾದರೆ ಹಿಂದಿನ ನೆಲ ಎತ್ತರವಾಗಬೇಕು. ನೀರಿಗೆ ಮೇಲಕ್ಕೆ ಹತ್ತುವ ಅಭ್ಯಾಸವಿಲ್ಲವೆಂಬುದನ್ನು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆನಾದರೂ ನನ್ನ ಲೆಕ್ಕದಲ್ಲಿ ಅದನ್ನು ಸೇರಿಸಿರಲಿಲ್ಲ. ಒಂದೂವರೆ ಅಡಿ ಮಣ್ಣು ತುಂಬಿಸಿದೆವು. ಲಾರಿ ಹಿಂದಕ್ಕೆ ಬರಲು ದಾರಿಯಿಲ್ಲ. ಮಣ್ಣು, ಜಲ್ಲಿ, ಮರಳು, ಸಿಮೆಂಟು ಇಟ್ಟಿಗೆ ಎಲ್ಲವೂ ಬೀದಿಯಿಂದ ಬಾಣಲಿಯಲ್ಲಿ ತಲೆಯ ಮೇಲೆ ಬರಬೇಕು. ಅದರ ಕೂಲಿ ಬೇರೆ. ಹಿತ್ತಿಲಿನಲ್ಲಿ ಕಟ್ಟುವವರು ಮನೆಯ ಪಕ್ಕದ ಓಣಿಯ ಅಗಲವನ್ನು ಮೊದಲು ಅಳೆಯತಕ್ಕದ್ದು. ಬೇರೆ ವಿದ್ಯುತ್ ಮೀಟರು, ನಲ್ಲಿಯ ಕವಲು ಇವೆಲ್ಲ ಸೇರಿ ಅಂದಾಜು 6,20,000ಕ್ಕೆ ಮುಟ್ಟಿತು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ನನ್ನ ಹಣ ನೆಲದ ಮಟ್ಟಕ್ಕೆ ಬಂದಿತ್ತು.

ಆಗ ಮೇಸ್ತ್ರಿಯೇ ದಾರಿ ತೋರಿಸಿದ. “ಭೋಗ್ಯಕ್ಕೆ ಹಾಕಿಬಿಡಿ ಮೇಷ್ಟ್ರೆ. ಮೂರು ಲಕ್ಷ ಕೈಗೆ ಬರ್ತದೆ. ಮೋಲ್ಡ್ ಹಾಕಿ ಮುಗಿಸಿಬಿಡೋಣ.”

ಭೋಗ್ಯವೆಂಬುದು ಇಂದು ನಿನ್ನೆಯ ಮಾತಲ್ಲ. ಯಾಜ್ಞವಲ್ಕ್ಯ ಸ್ಮೃತಿಯ ಕಾಲದಿಂದಲೂ ಒತ್ತೆಯಲ್ಲಿ ಗೋಪ್ಯ, ಭೋಗ್ಯ ಎಂದು ಎರಡು ಬಗೆ. ಮುಟ್ಟದೆ ಕಾಪಿಟ್ಟುಕೊಳ್ಳಬೇಕಾದದ್ದು ಗೋಪ್ಯ. ಸಾಲ ಕೊಟ್ಟವನು ಅನುಭವಿಸಬಹುದಾದದ್ದು ಭೋಗ್ಯ. ನಮ್ಮ ಊರುಗಳಲ್ಲಿ ಅದು ಸರಳವಾಗಿ ಉಳಿದುಬಂದಿದೆ. ಬರುವವರು ಇಡಿಗಂಟು ಕೊಡುತ್ತಾರೆ, ಮನೆಯಲ್ಲಿ ಇರುತ್ತಾರೆ. ಅವರು ಬಾಡಿಗೆ ಕೊಡಬೇಕಾಗಿಲ್ಲ, ನಾವು ಬಡ್ಡಿ ಕೊಡಬೇಕಾಗಿಲ್ಲ. ಹೋಗುವಾಗ ಗಂಟು ಹಾಗೆಯೇ ಹಿಂದಕ್ಕೆ. ಕೇಳಲು ಇದಕ್ಕಿಂತ ಸೊಗಸಾದ ಏರ್ಪಾಡಿಲ್ಲ.

ನನ್ನಾಕೆ ಮಾತ್ರ, “ಏನೂಂದ್ರೆ, ಹಾಗೇ ಹಿಂದಕ್ಕೆ ಕೊಡೋದು ಅಂದ್ರೆ ಎಲ್ಲಿಂದ?” ಎಂದು ಕೇಳಿದಳು. ಮೂರು ವರ್ಷದಲ್ಲಿ ಇನ್ನೊಬ್ಬರು ಬರುತ್ತಾರೆ, ಅವರದನ್ನು ತೆಗೆದು ಇವರಿಗೆ ಕೊಡುವುದು ಎಂದು ವಿವರಿಸಿದೆ. ಅವಳು ಪುನಃ ಮಾತಾಡಲಿಲ್ಲ. ಒಪ್ಪಿದಳೆಂದು ನಾನು ತಿಳಿದೆ.

ಬಂದವರು ನಂಜನಗೂಡಿನ ಕಡೆಯ ಒಬ್ಬ ತಾಯಿ ಮತ್ತು ಮಗಳು. ಆಕೆಯ ಗಂಡ ತೀರಿಹೋಗಿದ್ದರು. ಆಕೆ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಕೆಲಸಕ್ಕಿದ್ದರು. ಪಾಲಿಗೆ ಬಂದ ಗದ್ದೆ ಮಾರಿದ ಹಣ ಅದು. ಸೀರೆಯ ತುಂಡಿನಲ್ಲಿ ಸುತ್ತಿದ ನೋಟುಗಳನ್ನು ಆಕೆ ನಮ್ಮ ದೇವರ ಮುಂದಿಟ್ಟು, ಅಲ್ಲಿಂದ ನನ್ನನ್ನು ತೆಗೆದುಕೊಳ್ಳಲು ಹೇಳಿದರು. ಮನೆಗಿನ್ನೂ ಸೂರಿರಲಿಲ್ಲ. ಬರೀ ಗೋಡೆ ನೋಡಿ ಮೂರು ಲಕ್ಷ ಕೊಟ್ಟರೆಂದರೆ ಅವರು ನೋಡಿದ್ದು ಗೋಡೆಯನ್ನಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಛಾಪಾಕಾಗದದ ಮೇಲೆ ಹನ್ನೊಂದು ತಿಂಗಳಿಗೆಂದು ಬರೆದೆವು. ವರ್ಷ ಮೀರಿದರೆ ನೋಂದಣಿಯಾಗಬೇಕಲ್ಲ! ಮೋಲ್ಡ್ ಬಿತ್ತು. ಮೂರು ವಾರ ಸೂರಿನ ಮೇಲೆ ಗಾರೆಯ ಪಾತಿ ಕಟ್ಟಿ, ಬಾವಿಯ ನೀರು ಸೇದಿ ನಿಲ್ಲಿಸಿದೆವು. 2012ರ ಶ್ರಾವಣದಲ್ಲಿ ಅವರು ಹಾಲುಕ್ಕಿಸಿದರು.

ಇಲ್ಲಿಂದ ಮುಂದಿನದನ್ನು ಹೇಳಿಕೊಳ್ಳಲು ನನಗೆ ನಾಚಿಕೆ.

ದಿನ ಕಳೆದಂತೆ ನಾನು ಮನೆ ಯಜಮಾನನಾದೆ. ಬಾವಿಕಟ್ಟೆಯ ಮೇಲೆ ಸೋಪು ಬಿಟ್ಟದ್ದಕ್ಕೆ ಗದರಿದೆ. ಗೋಡೆಗೆ ಮೊಳೆ ಹೊಡೆಯಬಾರದೆಂದೆ. ಆ ಹುಡುಗಿ ಒಂದು ದಿನ ನಾಲ್ಕು ಮಲ್ಲಿಗೆ ಮೊಗ್ಗು ಬಿಡಿಸಿಕೊಂಡದ್ದನ್ನು ಕಂಡು, “ಕೇಳಿ ಕಿತ್ತುಕೋಬೇಕಮ್ಮ” ಎಂದೆ. ಅವಳು ಬೊಗಸೆಯನ್ನು ನನ್ನ ಮುಂದೆ ಚಾಚಿದಳು. ಆ ಸೂರು, ಆ ಬಾಗಿಲು, ಆ ಬಚ್ಚಲಿನ ಹೆಂಚು ಎಲ್ಲವೂ ಅವಳ ತಾಯಿಯ ಗದ್ದೆಯಿಂದ ಬಂದದ್ದು; ಲೆಕ್ಕದಲ್ಲಿ ನಾನು ಅವರ ಸಾಲಗಾರ. ಸಾಲಗಾರ ಸಾಹುಕಾರನನ್ನು ಗದರುವ ಏರ್ಪಾಡು ಭೋಗ್ಯದಲ್ಲಲ್ಲದೆ ಇನ್ನೆಲ್ಲೂ ಇರಲಾರದು. ಆಕೆ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅದನ್ನು ಒಪ್ಪಿಸಿಕೊಳ್ಳುತ್ತಿದ್ದೆ.

2015ರ ಮೇ ಕೊನೆಯಲ್ಲಿ ಮೂರನೆಯ ಹನ್ನೊಂದು ತಿಂಗಳು ಮುಗಿದು ಕೆಲವು ದಿನಗಳಾಗಿದ್ದವು. ಆಕೆ ಬಂದು ನಡುಮನೆಯ ಹೊಸಲಿನಾಚೆ ನಿಂತರು. “ಮಗೂಗೆ ನರ್ಸಿಂಗ್ ಓದಿಸ್ಬೇಕು ಮೇಷ್ಟ್ರೆ. ಜುಲೈ ಕೊನೆಯೊಳಗೆ ದುಡ್ಡು ಕಟ್ಬೇಕಂತೆ. ಅವಳು ಹಾಸ್ಟೆಲ್‌ನಲ್ಲಿರ್ತಾಳೆ, ನಾನು ನಮ್ಮಣ್ಣನ ಮನೆಯಿಂದ ಬಸ್ಸಲ್ಲಿ ಓಡಾಡ್ತೀನಿ.”

ನಾನು “ನೋಡೋಣ” ಎಂದೆ.

ಮನೆ ನೋಡಲು ಜನರೇನೋ ಬಂದರು. ನೋಡಿದರು, ಬಾವಿಯನ್ನು ಮೆಚ್ಚಿದರು, ಪಂಚಾಂಗ ನೋಡಿಕೊಂಡು ಹೋದರು. ಆಷಾಢದಲ್ಲಿ ಹೊಸ ಮನೆಗೆ ಯಾರು ಬರುತ್ತಾರೆ? ಅದೂ ಆ ವರ್ಷ ಒಂದಲ್ಲ, ಎರಡು ಆಷಾಢ! ಜೂನ್ ಮಧ್ಯದಿಂದ ಅಧಿಕ ಆಷಾಢ, ಅದು ಮುಗಿದ ಬೆನ್ನಿಗೇ ನಿಜ ಆಷಾಢ. ಶ್ರಾವಣ ಬರಲು ಆಗಸ್ಟ್ ಅರ್ಧ ಕಳೆಯಬೇಕು. ಸೂರ್ಯಚಂದ್ರರ ಲೆಕ್ಕ ಸರಿಹೋಗಲೆಂದು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸುತ್ತಾರೆಂದು ತರಗತಿಯಲ್ಲಿ ಪಾಠ ಹೇಳಿದವನು ನಾನು. ನನ್ನ ಭೋಗ್ಯದ ಲೆಕ್ಕದಲ್ಲಿ ಅದಕ್ಕೂ ಒಂದು ಕಾಲಂ ಇರಬೇಕಾಗಿತ್ತು.

ಜುಲೈ ಎರಡನೆಯ ವಾರ ಆಕೆಯನ್ನು ಕರೆದು, ಶ್ರಾವಣದವರೆಗೆ ತಡೆದುಕೊಳ್ಳಬೇಕೆಂದು ಹೇಳಿದೆ. ಸ್ವಲ್ಪ ಗಡುಸಾಗಿಯೇ ಹೇಳಿದೆನೆಂದು ತೋರುತ್ತದೆ. ತಪ್ಪಿತಸ್ಥನ ದನಿ ಸಾಮಾನ್ಯವಾಗಿ ಹಾಗಿರುತ್ತದೆ. ಆಕೆ ಬಹಳ ಹೊತ್ತು ನೆಲ ನೋಡುತ್ತಿದ್ದು, “ಕಾಲೇಜಿನೋರಿಗೆ ಆಷಾಢ ಇಲ್ವಂತೆ ಮೇಷ್ಟ್ರೆ” ಎಂದರು. ಅಷ್ಟೆ. ಹಿತ್ತಿಲಿಗೆ ಹೋಗಿಬಿಟ್ಟರು.

ರಾತ್ರಿ ಊಟಕ್ಕೆ ಕುಳಿತಾಗ ನನ್ನಾಕೆ ಬಡಿಸುತ್ತಿದ್ದ ಕೈಯಲ್ಲಿ ಎಂದಿನ ಸದ್ದಿರಲಿಲ್ಲ. ನೋಡಿದರೆ ಎರಡೆರಡು ಗಾಜಿನ ಬಳೆ. ಆರು ಚಿನ್ನದ ಬಳೆಯೂ ಅವಳ ತಾಯಿಯ ಅವಲಕ್ಕಿ ಸರವೂ ಒಂದು ಕರವಸ್ತ್ರದಲ್ಲಿ ನನ್ನ ಕನ್ನಡಕದ ಪಕ್ಕದಲ್ಲಿದ್ದವು. ಮನೆ ಕಟ್ಟುವಾಗ, ನಿನ್ನ ಒಡವೆಗೆ ಕೈ ಹಾಕುವುದಿಲ್ಲವೆಂದು ನಾನಾಗಿಯೇ ಮಾತು ಕೊಟ್ಟಿದ್ದೆ. ಅದನ್ನು ನೆನಪಿಸಲು ಬಾಯಿ ತೆರೆದೆ. “ಮಜ್ಜಿಗೆ ಹಾಕ್ಲಾ?” ಎಂದಳು.

ಚಿನ್ನವೂ ಸಮಯ ನೋಡಿಯೇ ಇಳಿದಿತ್ತು. ಆ ಜುಲೈಯಲ್ಲಿ ಅಪರಂಜಿ ಹತ್ತು ಗ್ರಾಮಿಗೆ 25,000ದ ಆಸುಪಾಸಿಗೆ ಬಂದಿತ್ತು. ಬ್ಯಾಂಕಿನವರು ಬೆಲೆಯಲ್ಲಿ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಸಾಲ ಕೊಡುವಂತಿರಲಿಲ್ಲ. ನೂರು ಗ್ರಾಮಿನ ಮೇಲೆ ಇಷ್ಟು ತೂಗಿದ ಒಡವೆಗೆ 1,75,000 ಸಿಕ್ಕಿತು. ಈ ಸಲ ಯಾರೂ ನನ್ನ ಹುಟ್ಟಿದ ತಾರೀಖು ಕೇಳಿ ಕಾಫಿ ತರಿಸಲಿಲ್ಲ, ಚಿನ್ನಕ್ಕೆ ವಯಸ್ಸಿಲ್ಲ. ಆಸ್ಪತ್ರೆಯ ಖರ್ಚಿಗೆಂದು ಇಟ್ಟಿದ್ದ 1,25,000ದ ಠೇವಣಿಯನ್ನು ಮುರಿದು ಅದಕ್ಕೆ ಸೇರಿಸಿದೆ.

ಆಕೆ ಹಣವನ್ನು ಎಣಿಸಲಿಲ್ಲ. ನಾನು ಎಣಿಸಿಕೊಳ್ಳಿರೆಂದು ಬಲವಂತ ಮಾಡಿದೆ, ಮಗಳು ಎಣಿಸಿದಳು. ಹೊರಡುವ ದಿನ ಗೋಡೆಯ ಮೊಳೆಯ ತೂತುಗಳಿಗೆಲ್ಲ ಸುಣ್ಣ ತುಂಬಿ ಒರೆಸಿದ್ದರು.

ಶ್ರಾವಣದಲ್ಲಿ ಹೊಸದಾಗಿ ಮದುವೆಯಾದ ದಂಪತಿಗಳು ಬಂದು ನಾಲ್ಕು ಲಕ್ಷಕ್ಕೆ ಭೋಗ್ಯ ಕೇಳಿದರು. ಒಂದೇ ದಿನದಲ್ಲಿ ಒಡವೆ ಬಿಡಿಸಬಹುದಾಗಿತ್ತು. ನಾನು ಉತ್ತರ ಕೊಡುವ ಮೊದಲೇ ಒಳಗಿನಿಂದ, “ಬಾಡಿಗೆಗಾದರೆ ಕೊಡ್ತೀವಮ್ಮ” ಎಂದು ಕೇಳಿಸಿತು. ನಾಲ್ಕೂವರೆ ಸಾವಿರ ಬಾಡಿಗೆ, ಹತ್ತು ತಿಂಗಳ ಮುಂಗಡ. ಮುಂಗಡದ 45,000ವನ್ನು ಅವಳೇ ಬೇರೆ ಖಾತೆಯಲ್ಲಿ ಹಾಕಿಸಿ, ಪಾಸ್‌ಪುಸ್ತಕದ ರಟ್ಟಿನ ಮೇಲೆ ‘ಅವರ ದುಡ್ಡು’ ಎಂದು ಬರೆದಿಟ್ಟಳು. ಬಾಡಿಗೆ ತಿಂಗಳು ತಿಂಗಳೂ ಬ್ಯಾಂಕಿಗೆ ಹೋಯಿತು. ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ.

ಒಡವೆ ಮನೆಗೆ ಬಂದದ್ದು 2019ರ ಬೇಸಗೆಯಲ್ಲಿ. ಅವಳು ಬಾವಿಕಟ್ಟೆಯ ಮೇಲೆ ಕುಳಿತು ಮೊದಲ ಬಳೆಯನ್ನು ತೊಡಲು ನೋಡಿದಳು. ನಾಲ್ಕು ವರ್ಷದಲ್ಲಿ ಕೈ ಗಿಣ್ಣು ದಪ್ಪವಾಗಿ ಬಳೆ ಅಲ್ಲೇ ನಿಂತಿತು. ನಾನು ಎಳೆದೆ, ಕೆಂಪಾಯಿತೇ ಹೊರತು ಏರಲಿಲ್ಲ. ಹಿತ್ತಿಲ ಮನೆಯ ಹುಡುಗಿ ಕಿಟಕಿಯಿಂದ ನೋಡಿ, “ತಡೀರಿ ಅಮ್ಮಾವ್ರೆ” ಎಂದು ಸೋಪಿನ ನೀರು ಕಲಸಿಕೊಂಡು ಬಂದಳು.